ಅಪ್‌ಡೇಟ್ ಆದಮೇಲೆ ವೈಫೈ ನಾಪತ್ತೆ: ಹೊಸ ಕಾರ್ಡ್ ಕೊಳ್ಳುವ ಮುನ್ನ

ನಿನ್ನೆವರೆಗೆ ಸರಿಯಿದ್ದ ವೈಫೈ, ಸೌಂಡ್ ಅಥವಾ ವೆಬ್‌ಕ್ಯಾಮ್ ಅಪ್‌ಡೇಟ್ ಮುಗಿದ ಕೂಡಲೇ ಕಾಣೆಯಾದರೆ ಭಾಗ ಸುಟ್ಟಿದೆ ಎಂದುಕೊಳ್ಳಬೇಡಿ. ಬಹುತೇಕ ಡ್ರೈವರ್‌ನದೇ (ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್‌ನದೇ) ಕಿತಾಪತಿ. ಆದರೆ ಅದನ್ನೂ ಊಹೆಗೆ ಬಿಡಬೇಕಿಲ್ಲ, ಪರೀಕ್ಷಿಸಿಯೇ ತೀರ್ಮಾನಿಸಬಹುದು.

ಮೊದಲು ಯಂತ್ರವನ್ನು ನಿಜವಾಗಿ ಆರಿಸಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಒತ್ತಿದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಅದೇ ಮರಳುತ್ತದೆ. ಕೆಟ್ಟದ್ದೂ ಜೊತೆಗೇ ಬರುತ್ತದೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ವೈಫೈ ಕಾರ್ಡ್ ಇಷ್ಟಕ್ಕೇ ಎಚ್ಚರವಾಗುತ್ತದೆ.

ಆಗಲಿಲ್ಲವೇ? ಪೆನ್‌ಡ್ರೈವ್‌ಗೆ ಉಬುಂಟು ಎಂಬ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆ ಬರೀ ಲೈವ್ ಆಗಿ ಬೂಟ್ ಮಾಡಿ. ಅಲ್ಲಿ ವೈಫೈ ಸಿಕ್ಕರೆ ಕಾರ್ಡ್ ಗಟ್ಟಿಮುಟ್ಟಾಗಿದೆ ಎಂದೇ ಅರ್ಥ. ಸಿಗದಿದ್ದರೆ ಮಾತ್ರ ತೀರ್ಪು ಕೊಡಲು ಆತುರ ಬೇಡ. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಬೇಕಾದ ಡ್ರೈವರ್ ಲೈವ್ ಬೂಟ್‌ನಲ್ಲಿ ತಾನಾಗಿ ಲೋಡ್ ಆಗುವುದಿಲ್ಲ. ಟರ್ಮಿನಲ್‌ನಲ್ಲಿ ಜೋಡಿಸಿರುವ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಟ್ಟು ನೋಡಿ. ಪಟ್ಟಿಯಲ್ಲಿ ಕಾರ್ಡಿನ ಹೆಸರು ಬಂದರೆ ಅದು ಬದುಕಿದೆ, ಕೊರತೆ ಬಹುತೇಕ ಡ್ರೈವರ್‌ನದು ಅಥವಾ ಫರ್ಮ್‌ವೇರ್‌ನದು (ಕಾರ್ಡಿನೊಳಗೆ ಓಡುವ ಪುಟ್ಟ ಸಾಫ್ಟ್‌ವೇರ್).

ವಿಂಡೋಸ್‌ಗೆ ಮರಳಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನ ಅಥವಾ ಕೆಳಮುಖ ಬಾಣ ಕಂಡಲ್ಲಿ ಪ್ರಾಪರ್ಟೀಸ್‌ಗೆ ಹೋದರೆ ಒಂದು ಕೋಡ್ ಸಿಗುತ್ತದೆ. ಅದನ್ನು ಓದದೆ ಸಿಕ್ಕಸಿಕ್ಕ ಡ್ರೈವರ್ ಸುರಿಯುವವರೇ ಹೆಚ್ಚು. 28 ಎಂದರೆ ಡ್ರೈವರೇ ಇಲ್ಲ. 10 ಎಂದರೆ ಡಿವೈಸ್ ಶುರುವಾಗುತ್ತಿಲ್ಲ. 22 ಎಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಮಾಡಿದರೆ ಮುಗಿಯಿತು. 52 ಬಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. 43 ಸ್ವಲ್ಪ ತಂಟೆಯದು: ಡಿವೈಸ್ ತಾನೇ ದೋಷ ಹೇಳಿಕೊಂಡಿದೆ, ಕಾರಣ ಡ್ರೈವರ್ ಆಗಿರಬಹುದು, ನಿಜವಾದ ಹಾರ್ಡ್‌ವೇರ್ ತೊಂದರೆಯೂ ಆಗಿರಬಹುದು. ಲೈವ್ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ.

ಡ್ರೈವರ್ ಟ್ಯಾಬ್‌ನ ರೋಲ್ ಬ್ಯಾಕ್ ಬಟನ್ ಒತ್ತಲು ಬಂದರೆ ಅದೇ ಹತ್ತಿರದ ದಾರಿ. ಮಸುಕಾಗಿದ್ದರೆ ಹಳೆಯ ಆವೃತ್ತಿ ಉಳಿದಿಲ್ಲ. ಆಗ ಅಪ್‌ಡೇಟ್ ಡ್ರೈವರ್ ಒಳಗೆ, ಕಂಪ್ಯೂಟರ್‌ನಲ್ಲಿರುವ ಪಟ್ಟಿಯಿಂದ ಆರಿಸುವ ಆಯ್ಕೆಗೆ ಹೋಗಿ. ಸೌಂಡ್ ಹೋಗಿದ್ದರೆ ಅಲ್ಲಿನ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಎಂಬ ಸಾಮಾನ್ಯ ಡ್ರೈವರ್ ಬಹಳ ಸಲ ಕೆಲಸ ನಡೆಸುತ್ತದೆ.

ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡುವುದಾದರೆ ಮೊದಲು ಇಂಟರ್‌ನೆಟ್ ಕಡಿದುಹಾಕಿ. ಇಲ್ಲದಿದ್ದರೆ ನೀವು ಕಿತ್ತದ್ದನ್ನೇ ವಿಂಡೋಸ್ ಅಪ್‌ಡೇಟ್ ಮತ್ತೆ ತಂದು ಕೂರಿಸುತ್ತದೆ. ಬೇಕಾದ ಡ್ರೈವರ್ ಅನ್ನು ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ, ಪೂರ್ತಿ ಮಾಡೆಲ್ ಸಂಖ್ಯೆ ಕೊಟ್ಟು, ಮೊದಲೇ ಇಳಿಸಿಟ್ಟುಕೊಳ್ಳಿ. ವೈಫೈ ಇಲ್ಲದಿದ್ದರೆ ಮೊಬೈಲ್‌ನ ಯುಎಸ್‌ಬಿ ಟೆಥರಿಂಗ್ ಸಾಕು. ಚಿಪ್ ಯಾರದ್ದೆಂದು ತಿಳಿಯದಿದ್ದರೆ ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ: ಕಂಪನಿಯ ಸಂಖ್ಯೆ 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ, 10ಇಸಿ ಇದ್ದರೆ ರಿಯಲ್‌ಟೆಕ್. ಡ್ರೈವರ್ ಅಪ್‌ಡೇಟರ್ ಎಂಬ ಹೆಸರಿನ ಥರ್ಡ್ ಪಾರ್ಟಿ ಸಾಫ್ಟ್‌ವೇರ್‌ಗಳ ಸಹವಾಸ ಬೇಡವೇ ಬೇಡ.

ವಿಂಡೋಸ್‌ನ ದೊಡ್ಡ ಆವೃತ್ತಿಯೇ ಬದಲಾಗಿದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಇರುತ್ತದೆ, ಸಾಮಾನ್ಯವಾಗಿ 10 ದಿನ ಮಾತ್ರ. ಅಷ್ಟರೊಳಗೆ ಜಾಗ ಉಳಿಸಲೆಂದು ಹಳೆಯ ವಿಂಡೋಸ್ ಫೈಲ್‌ಗಳನ್ನು ಅಳಿಸಿದರೆ ಆ ದಾರಿಯೂ ಮುಚ್ಚಿತು.

ಲಿನಕ್ಸ್‌ನವರಿಗೆ ಕೆಲಸ ಸುಲಭ: ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಅದರಲ್ಲಿ ನಡೆದರೆ ಹೊಸ ಕರ್ನಲ್‌ಗೆ ಮಾಡ್ಯೂಲ್ (ಲಿನಕ್ಸ್‌ನ ಡ್ರೈವರ್ ತುಣುಕು) ಬಿಲ್ಡ್ ಆಗಿಲ್ಲ ಅಥವಾ ಲೋಡ್ ಆಗುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಎನ್‌ವಿಡಿಯಾ, ಬ್ರಾಡ್‌ಕಾಮ್ ಡ್ರೈವರ್‌ಗಳಲ್ಲಿ ಇದು ಮಾಮೂಲು. ಮಾಡ್ಯೂಲ್ ಬಿಲ್ಡ್ ಮಾಡಲು ಬೇಕಾದ ಕರ್ನಲ್ ಹೆಡರ್ಸ್ ಪ್ಯಾಕೇಜ್ ಇಲ್ಲದಿರುವುದು ಒಂದು ಕಾರಣ, ಸಹಿಯಿಲ್ಲದ ಕೋಡ್ ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದು ಮಾಡ್ಯೂಲ್‌ಗೆ ಸಹಿ ಇಲ್ಲದಿರುವುದು ಇನ್ನೊಂದು. ರೀಬೂಟ್ ವೇಳೆ ಬರುವ, ಆ ಸಹಿಯ ಕೀ ನೋಂದಣಿಯ ನೀಲಿ ಪರದೆಯನ್ನು ದಾಟಿಸಿಬಿಟ್ಟರೆ ಆಗುವುದೂ ಇದೇ.

ಬದಲಾಗಿದ್ದು ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್‌ನ ಸಾಫ್ಟ್‌ವೇರ್) ಆದರೆ ಕಥೆ ಬೇರೆ. ಅಪ್‌ಡೇಟ್ ನಂತರ ಸೆಟ್ಟಿಂಗ್‌ಗಳು ಡೀಫಾಲ್ಟ್‌ಗೆ ಮರಳಬಹುದು. ಸ್ಟೋರೇಜ್ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಆದರೆ ವಿಂಡೋಸ್ ಬೂಟ್ ಆಗದೆ ದೋಷದ ನೀಲಿ ಪರದೆ ತೋರಿಸಬಹುದು. ಡಿಸ್ಕ್ ಸತ್ತಿಲ್ಲ, ಮೋಡ್ ಮೊದಲಿನಂತೆ ಮಾಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಬಯಾಸ್ ಮುಟ್ಟಿ.

ಬಯಾಸ್‌ನಲ್ಲಿ ಡಿಸೇಬಲ್ ಆಗಿಲ್ಲ, ಲೈವ್ ಪಟ್ಟಿಯಲ್ಲೂ ಇಲ್ಲ ಎಂದಾದರೆ ಮಾತ್ರ ಸ್ಕ್ರೂಡ್ರೈವರ್ ತೆಗೆಯಿರಿ. ಬ್ಯಾಟರಿ ಕನೆಕ್ಟರ್ ಬಿಡಿಸಿ, ಕಾರ್ಡನ್ನು ಎಂ.2 ಸ್ಲಾಟ್‌ನಿಂದ ತೆಗೆದು ಮತ್ತೆ ಕೂರಿಸಿ. ಆಂಟೆನಾ ವೈರ್ ಸಡಿಲವಾಗಿದ್ದರೆ ಸಿಗ್ನಲ್ ಕುಗ್ಗುತ್ತದೆಯೇ ಹೊರತು ಕಾರ್ಡ್ ಮಾಯವಾಗುವುದಿಲ್ಲ.