ಪ್ರದರ್ಶನದ ಕುದುರೆಗೆ ಲಗಾಮು ಆರಿಸುವ ಮೊದಲು ಅದರ ಬಾಯಿ ನೋಡಿ

ಬೀದರ್ ಜಿಲ್ಲೆಯಲ್ಲಿ ಪಶುವೈದ್ಯನಾಗಿ ನಾನು ನೋಡುವ ಕುದುರೆಗಳಲ್ಲಿ ಹೆಚ್ಚಿನವು ಮದುವೆ ಮೆರವಣಿಗೆಯವು. ಗಡಿಯಾಚೆ ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾ ಜಾತ್ರೆ ಹತ್ತಿರವಾದಂತೆ, ಮಾರ್ವಾರಿ ಮತ್ತು ಕಾಠೇವಾಡಿ ಕುದುರೆಗಳನ್ನು ಪ್ರದರ್ಶನಕ್ಕೆ ಸಜ್ಜುಗೊಳಿಸುವವರೂ ಬರತೊಡಗುತ್ತಾರೆ. ಅವರ ಬೇಡಿಕೆ ಸಾಮಾನ್ಯವಾಗಿ ಒಂದೇ: “ಸಾಹೇಬ್ರ, ಇದರ ಬಾಯಿ ಭಾಳ ಗಟ್ಟಿ ಅದ, ಇನ್ನೂ ಬಿಗಿ ಲಗಾಮು ಯಾವ್ದದ ಹೇಳ್ರಿ.” ಲಗಾಮಿನ ಹೆಸರು ಹೇಳುವ ಮೊದಲು ನಾನು ಬಾಯಿ ತೆರೆಸಿ ನೋಡುತ್ತೇನೆ. ಗಟ್ಟಿ ಬಾಯಿ ಎಂದು ಕರೆಸಿಕೊಂಡ ಕುದುರೆಗಳಲ್ಲಿ ಎಷ್ಟೋ ಕುದುರೆಗಳು ನೋವಿನಿಂದ ಓಡುತ್ತಿರುತ್ತವೆ ಎಂಬುದು ಈ ಕೆಲಸದಲ್ಲಿ ನನಗೆ ಮನವರಿಕೆಯಾದ ಸಂಗತಿ.

ಮುಂಬಾಚಿ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಸಡಿನ ಜಾಗವಿದೆ. ಬಿಟ್, ಅಂದರೆ ಲಗಾಮಿನಲ್ಲಿ ಬಾಯೊಳಗೆ ಹೋಗುವ ಲೋಹದ ತುಂಡು, ಕೂರುವುದು ಅಲ್ಲಿಯೇ. ಕೆಳದವಡೆಯಲ್ಲಿ ಆ ಒಸಡು ತೆಳುವಾದ ಚರ್ಮದಂತೆ ಎಲುಬಿನ ಅಂಚಿಗೆ ಅಂಟಿಕೊಂಡಿರುತ್ತದೆ, ಮತ್ತು ನಾಲಗೆ ಬಾಯಿಯ ಉಳಿದ ಜಾಗವನ್ನೆಲ್ಲ ತುಂಬಿಕೊಂಡಿರುವುದರಿಂದ ಲೋಹಕ್ಕೆ ಉಳಿಯುವ ಅವಕಾಶ ಬಹಳ ಕಡಿಮೆ. ದಪ್ಪ ಬಿಟ್ ಮೃದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾಲಗೆ ದಪ್ಪವಾಗಿ, ಅಂಗುಳು ತಗ್ಗಾಗಿರುವ ಕುದುರೆಗೆ ಅದೇ ದಪ್ಪ ಬಿಟ್ ಉಸಿರು ಕಟ್ಟಿಸುವ ತುರುಕಾಗುತ್ತದೆ. ನಡುವೆ ಒಂದೇ ಕೀಲಿರುವ ಸ್ನ್ಯಾಫಲ್ (ಬದಿಯಲ್ಲಿ ದಂಡವಿಲ್ಲದ ಸಾದಾ) ಬಿಟ್ ಎಳೆದಾಗ ಮಡಚಿ, ಇಂಥ ಬಾಯಲ್ಲಿ ಕೀಲು ಅಂಗುಳಿಗೆ ತಾಗಬಹುದು; ಎರಡು ಕೀಲು ಮತ್ತು ನಡುವೆ ನಯವಾದ ತುಂಡು ಇರುವ ಬಿಟ್ ನಾಲಗೆಯ ಮೇಲೆ ಸಮನಾಗಿ ಕೂರುತ್ತದೆ.

ಹಲ್ಲಿನ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಮಾರ್ವಾರಿ ಪ್ರದರ್ಶನಗಳಲ್ಲಿ ಹಾಲುಹಲ್ಲಿನ ಮರಿಗಳ ವಿಭಾಗ, ಎರಡು ಹಲ್ಲಿನ ವಿಭಾಗ ಎಂದು ವಯಸ್ಸಿನ ಪ್ರಕಾರ ವಿಂಗಡಿಸುತ್ತಾರೆ. ಮುಂದಿನ ಎರಡು ಶಾಶ್ವತ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ. ಅದೇ ಹೊತ್ತಿಗೆ ಮುಂದಿನ ದವಡೆಹಲ್ಲುಗಳೂ ಹಾಲುಹಲ್ಲನ್ನು ತಳ್ಳಿ ಮೇಲೇಳತೊಡಗುತ್ತವೆ. ಅಂದರೆ, ಯಾವ ವಿಭಾಗದಲ್ಲಿ ಎಳೆಯ ಕುದುರೆ ತಲೆ ಎತ್ತಿ ಶಾಂತವಾಗಿ ನಿಲ್ಲಬೇಕೆಂದು ನಿರೀಕ್ಷಿಸುತ್ತೇವೆಯೋ, ಆ ವಯಸ್ಸಿನಲ್ಲಿಯೇ ಅದರ ಬಾಯಿ ಅತ್ಯಂತ ಸೂಕ್ಷ್ಮವಾಗಿರುತ್ತದೆ. ಇನ್ನು ಕೆಲವಕ್ಕೆ ಮೇಲ್ದವಡೆಯ ಮೊದಲ ದವಡೆಹಲ್ಲಿನ ಮುಂದೆ ಕಿರುಬೆರಳಿನ ಉಗುರಿನಷ್ಟು ಪುಟ್ಟ ಹಲ್ಲೊಂದು ಇರುತ್ತದೆ. ಬಿಟ್ ಅದಕ್ಕೆ ತಾಗಿದಾಗ ಕುದುರೆ ತಲೆ ಕೊಡವುತ್ತದೆ, ಮಾಲೀಕರು ಸೊಕ್ಕು ಎಂದುಕೊಳ್ಳುತ್ತಾರೆ. ಭಾಲ್ಕಿ ಕಡೆಯ ಒಂದು ಹೆಣ್ಣುಕುದುರೆಗೆ ಮಂಪರು ಕೊಟ್ಟು ಆ ಹಲ್ಲನ್ನು ತೆಗೆದು, ಗಾಯ ಮಾಯುವವರೆಗೆ ಬಾಯಿಗೆ ಏನನ್ನೂ ಹಾಕದಂತೆ ಹೇಳಿದೆ. ಬಳಿಕ ಅದು ಹಳೆಯ ಸಾದಾ ಸ್ನ್ಯಾಫಲ್‌ನಲ್ಲಿಯೇ ನೆಟ್ಟಗೆ ನಡೆಯಿತು.

ಅಳತೆ ಸುಲಭ. ತುಟಿಯ ಎರಡೂ ಬದಿಗೆ ಸುಮಾರು 5 ಮಿಲಿಮೀಟರ್ ಬಿಟ್ ಹೊರಗುಳಿಯಬೇಕು. ನಾನು ಅಳೆದ ಮಾರ್ವಾರಿಗಳಲ್ಲಿ ಹಲವಕ್ಕೆ 5 ಇಂಚು ಸಾಕಾಗಿದ್ದು, ಪೇಟೆಯಲ್ಲಿ ಸಿಕ್ಕಿತೆಂದು ಐದೂವರೆ ಇಂಚಿನದನ್ನು ಹಾಕಿದರೆ ಅದು ಆಚೀಚೆ ಜಾರಿ ಕಟವಾಯಿಯನ್ನು ಕೆರೆಯುತ್ತದೆ.

ಸವಾರಿ ವಿಭಾಗಗಳ ಲೆಕ್ಕ ಬೇರೆ. ಬ್ರಿಟಿಷ್ ಪದ್ಧತಿಯ ಪ್ರದರ್ಶನಗಳಲ್ಲಿ ಹೊಸ ಕುದುರೆಗಳ ವಿಭಾಗಕ್ಕೆ ಸ್ನ್ಯಾಫಲ್ ಸಲ್ಲುತ್ತದೆ, ಮೇಲಿನ ವಿಭಾಗಗಳಲ್ಲಿ ಎರಡು ಬಿಟ್‌ಗಳ ಡಬಲ್ ಬ್ರೈಡಲ್ ಅಥವಾ ಆ ಎರಡರ ಕೆಲಸವನ್ನೂ ಒಂದೇ ಬಿಟ್‌ನಲ್ಲಿ ಮಾಡುವ ಪೆಲ್ಹಮ್ ವಾಡಿಕೆ. ಡಬಲ್ ಬ್ರೈಡಲ್‌ನಲ್ಲಿ ತೆಳುವಾದ ಸ್ನ್ಯಾಫಲ್ ಮೇಲೆ, ಬಾಯಿಯ ಎರಡೂ ಬದಿಗೆ ದಂಡವಿರುವ ಕರ್ಬ್ ಬಿಟ್ ಕೆಳಗೆ ಇರಬೇಕು, ಮತ್ತು ಗದ್ದದ ತಗ್ಗಿನಲ್ಲಿ ಸರಪಳಿ ಮುರಿಗೆಯಿಲ್ಲದೆ ಚಪ್ಪಟೆಯಾಗಿ ಮಲಗಬೇಕು. ದಂಡದ ಕೆಳಭಾಗ ಮೇಲ್ಭಾಗದ ಎರಡರಷ್ಟು ಉದ್ದವಿದ್ದರೆ ಗದ್ದದ ಮೇಲಿನ ಸರಪಳಿಯ ಬಿಗಿತವೂ ನಮ್ಮ ಎಳೆತದ ಸುಮಾರು ಎರಡರಷ್ಟಾಗುತ್ತದೆ. ಇಷ್ಟು ಬಲವನ್ನು ಅಳೆದು ಕೊಡಬಲ್ಲ ಕೈ ಸವಾರನಿಗೆ ಇರಬೇಕು. ಅಲ್ಲಿ ಹಂಟರ್ (ಬೇಟೆ ಸವಾರಿಯ ಕುದುರೆ), ಹ್ಯಾಕ್ (ಅಂದದ ನಡಿಗೆಯ ಸವಾರಿ ಕುದುರೆ) ಮುಂತಾದ ವಿಭಾಗಗಳಲ್ಲಿ ತೀರ್ಪುಗಾರರೇ ಕುದುರೆ ಏರಿ ನೋಡುವುದರಿಂದ, ಒಬ್ಬನ ಕೈಗೆ ಮಾತ್ರ ಒಗ್ಗಿದ ಬಿಟ್ ಅಪರಿಚಿತ ಕೈಯಲ್ಲಿ ಕೆಲಸ ಕೆಡಿಸುತ್ತದೆ ಎಂಬುದನ್ನು ಆರಿಸುವಾಗಲೇ ಯೋಚಿಸಬೇಕು.

ಕೊರಳು ಬಿಲ್ಲಿನಂತೆ ಬಾಗಿ ಕಾಣಲೆಂದು ಮುಳ್ಳು ಲಗಾಮು ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮಗಳು ಮುಳ್ಳು, ಉಬ್ಬುಗಳಿರುವ ಲಗಾಮನ್ನು ಸವಾರಿಗೂ ನಿಷೇಧಿಸಿವೆ. ಅದು ಸೀಳಿದ ನಾಲಗೆಯನ್ನು ಹೊಲಿಯುವುದು ಕಷ್ಟ, ಒಸಡಿನ ಎಲುಬಿಗೆ ಪೆಟ್ಟಾದರೆ ಮಾಯಲು ಇನ್ನೂ ಕಷ್ಟ.

ಹೊಸ ಬಿಟ್ ತಂದವರಿಗೆ ನಾನು ಹೇಳುವುದಿಷ್ಟು: ಜಾತ್ರೆಯ ಹಿಂದಿನ ದಿನ ಅದನ್ನು ಬದಲಿಸಬೇಡಿ. ಕೆಲವು ವಾರ ಮೊದಲೇ ಲಾಯದಲ್ಲಿ, ವಾಘೆಗಳನ್ನು (ಕೈಯಲ್ಲಿ ಹಿಡಿದೆಳೆಯುವ ಪಟ್ಟಿಗಳನ್ನು) ಕಟ್ಟದೆ, ಸ್ವಲ್ಪ ಹೊತ್ತು ಹಾಕಿಬಿಡಿ. ಸವಾರಿ ಮುಗಿದ ಪ್ರತಿ ಸಲವೂ ಕಟವಾಯಿ, ಒಸಡು, ಗದ್ದದ ತಗ್ಗು ಈ ಮೂರನ್ನೂ ಬೆರಳಿಂದ ಮುಟ್ಟಿ ನೋಡಿ. ಕೆಂಪಾಗಿದ್ದರೆ ಅಥವಾ ಕುದುರೆ ಮುಖ ಎಳೆದುಕೊಂಡರೆ ಆ ಬಿಟ್ ತೆಗೆದಿಟ್ಟು, ಕುದುರೆಯನ್ನು ಮತ್ತೆ ಕರೆತನ್ನಿ.