ಈಗ ಯಾರಿಗೆ ಅಡುಗೆಮನೆ?

"ಅಲ್ಲ ಕಣಮ್ಮಿ, ಮಕ್ಳು ಮನೇಲಿದ್ದಾಗ ಮಾಡಿಸ್ಲಿಲ್ಲ, ಈಗ ಯಾರಿಗೆ ಇದೆಲ್ಲ?"

ಮೊನ್ನೆ ಭಾನುವಾರ ಮಂಡ್ಯದ ನಮ್ಮ ಮನೆಗೆ ಬಂದ ಯಜಮಾನರ ಅಕ್ಕ, ಹೊಸ ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗಂದರು. ಕೊಟ್ಟ ನೀರು ಇನ್ನೂ ಕೈಯಲ್ಲೇ ಇತ್ತು. ನಾನು ನಕ್ಕು ಸುಮ್ಮನಾದೆ. ಆದರೆ ಬಟ್ಟೆ ಮಡಚುವಾಗಲೂ ಅದೇ, ರಾತ್ರಿ ಮಲಗಿದಾಗಲೂ ಅದೇ. ಈಗ ಯಾರಿಗೆ?

ಡಿಸೈನ್ ಮಾಡೋಕೆ ಬಂದಿದ್ದ ಹುಡುಗ ಇದನ್ನೇ ನಯವಾಗಿ ಹೇಳಿದ್ದ. "ಇಬ್ರೇ ಅಲ್ವಾ ಆಂಟಿ? ಗೋಡೆ ಒಡೆದು ಹಾಲ್‌ಗೆ ಸೇರಿಸಿಬಿಡೋಣ." ಹುರುಳಿ ಬಸ್ಸಾರಿನ ಒಗ್ಗರಣೆ ಘಾಟು ಸೋಫಾಗೆ ಹತ್ತಿದರೆ ಇವನು ಬಂದು ಒಗೀತಾನಾ? ಒಳ್ಳೆ ಹುಡುಗನೇ. ಅಡುಗೆ ಮಾತ್ರ ಮಾಡಿದವನಲ್ಲ.

ನಮ್ಮತ್ತೆ ಎತ್ತರದ ಹೆಂಗಸು. ಮನೆ ಕಟ್ಟಿಸುವಾಗ ಅವರ ಅಳತೆಗೆ ಕಡಪ ಕಲ್ಲು ಹಾಸಿಸಿದ್ದರು. ನಾನು ಐದಡಿ. ಪಾತ್ರೆಯೊಳಗೆ ಇಣುಕೋಕೂ ಹಿಮ್ಮಡಿ ಎತ್ತಬೇಕಿತ್ತು. ಸಾರು, ಪಲ್ಯ ಹೇಗೋ ಆಗುತ್ತದೆ, ಮುದ್ದೆ ಆಗುವುದಿಲ್ಲ. ಮುದ್ದೆ ತಿರುವಲು ಮೈಭಾರ ಮೇಲಿನಿಂದ ಬೀಳಬೇಕು. ಕೋಲು ಭುಜದ ಮಟ್ಟಕ್ಕೆ ಬಂದರೆ ಬಲ ಸಾಲದೆ ಹಿಟ್ಟು ಗಂಟಾಗುತ್ತದೆ. ಅದಕ್ಕೆ ಪಾತ್ರೆ ನೆಲಕ್ಕಿಳಿಸಿ, ಕಾಲಲ್ಲಿ ಒತ್ತಿ ಹಿಡಿದು ತಿರುವುತ್ತಿದ್ದೆ. ಈಗ ಮಂಡಿ ಒಪ್ಪುವುದಿಲ್ಲ.

ಅತ್ತೆ ಹೋದ ಮೇಲೂ ಕಟ್ಟೆ ಹಾಗೇ ಉಳಿಯಿತು. ಮಗಳ ಪಿಯುಸಿ, ಮಗನ ಸಿಇಟಿ, ಕಾಲೇಜು ಫೀಸು. ಬೆಳಿಗ್ಗೆ ಡಬ್ಬಿ ಕಟ್ಟುವ ಮನೆಯಲ್ಲಿ ಗಾರೆ ಕೆಲಸ ಹಚ್ಚೋರು ಯಾರು? ಕಡಪ ಅಂದರೆ ಸುಣ್ಣದ ಜಾತಿ ಕಲ್ಲು. ಹುಣಸೆರಸ, ನಿಂಬೆ ಬಿದ್ದ ಕಡೆಯೆಲ್ಲ ಬಿಳಿಚಿ ಹೋಗಿತ್ತು. ಮಗಳು ಪುಣೆ ಸೇರಿದಳು, ಮಗ ಬೆಂಗಳೂರು. ಹೊಸ ಹೈವೇ ಆದ ಮೇಲೆ ಬೆಂಗಳೂರು ಹತ್ತಿರವಾಯಿತು ಅಂತಾರೆ. ನಮ್ಮ ಮಗ ಮಾತ್ರ ಇನ್ನೂ ಹಬ್ಬಕ್ಕೇ ಬರುವುದು.

ಈ ಸಲ ಕಲ್ಲು ಹಾಸಲು ಬಂದ ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ಟೇಪ್ ಬಿಚ್ಚಿ, "ಬನ್ನಿ ಅಕ್ಕ, ನೆಟ್ಟಗೆ ನಿಂತ್ಕಳಿ. ಮೊಣಕೈ ಮಡಚಿ" ಅಂದರು. ಅಂಗಡಿಯವರು ಎಲ್ಲರಿಗೂ 34 ಇಂಚು ಅಂತ ಬರೆದುಕೊಟ್ಟಿದ್ದರು. ಇವರು ಅದನ್ನು ನೋಡಲೂ ಇಲ್ಲ. "ಮೊಣಕೈಯಿಂದ ಐದಿಂಚು ಕೆಳಗೆ ಹೆಚ್ಚೋ ಜಾಗ. ಒಲೆ ಇಡೋ ಕಡೆ ಇನ್ನೂ ಕೆಳಗಿರಲಿ. ಒಲೆ ಎತ್ತರ, ಪಾತ್ರೆ ಎತ್ತರ ಸೇರ್ಕೊಳ್ತದಲ್ಲ." 32 ಇಂಚು, 28 ಇಂಚು ಅಂತ ಗೋಡೆ ಮೇಲೆ ಪೆನ್ಸಿಲ್ಲಲ್ಲಿ ಗೀಟು ಹಾಕಿದರು. ರವಿಕೆ ಹೊಲಿಯೋರನ್ನು ಬಿಟ್ಟರೆ ನನ್ನ ಅಳತೆ ಯಾರು ತೆಗೆದಿದ್ದರು? ಚಾಮರಾಜನಗರದ ಕಪ್ಪು ಗ್ರಾನೈಟ್ ಹಾಕಿಸಿದೆ, ಹುಳಿಗೆ ಜಗ್ಗುವುದಿಲ್ಲ. ಸಿಂಕ್ ಕೆಳಗೆ ನೀರು ತಡೆಯುವ 710 ನಂಬರಿನ ಪ್ಲೈವುಡ್. ಸ್ವಲ್ಪ ದುಬಾರಿ, ಇರಲಿ.

ಅಕ್ಕ ಕೆಟ್ಟವರಲ್ಲ. ಊರಿನ ಅವರ ಮನೆ ಅಟ್ಟದ ಮೇಲೆ ಐವತ್ತು ಜನಕ್ಕೆ ಬೇಯಿಸುವ ಪಾತ್ರೆಗಳಿವೆ, ಬೀಗರು ನೆಂಟರು ಬಂದರೆ ಬೇಕಲ್ಲ ಅಂತ. ತಾವು ಮಾತ್ರ ನಿನ್ನೆ ಸಾರು ಬಿಸಿ ಮಾಡಿಕೊಂಡು, ನಿಂತೇ ಉಂಡು ಮುಗಿಸುತ್ತಾರೆ. ಅವರ ಲೆಕ್ಕದಲ್ಲಿ ಉಣ್ಣೋರು ಅಂದರೆ ಬೇರೆಯವರು. ಬೇಯಿಸೋಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನಾನೂ ಅದೇ ಲೆಕ್ಕದಲ್ಲಿ ಸೊಸೆಯಾದೆ, ತಾಯಿಯಾದೆ. ಹಾಗಾಗಿ ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಆ "ಯಾರಿಗೆ" ಅನ್ನುವಾಗ ನಾನು ಅವರ ಎದುರಿಗೇ ನಿಂತಿದ್ದೆ, ಅಲ್ವಾ?

ಊಟಕ್ಕೆ ಅವತ್ತು ಮುದ್ದೆಯನ್ನೇ ಮಾಡಿದೆ. ನಿಂತುಕೊಂಡೇ ತಿರುವಿದೆ. ಒಂದು ಗಂಟಿಲ್ಲ. ಅವರು ಪಕ್ಕದಲ್ಲಿ ನಿಂತು ನೋಡಿದರು, ಒಲೆ ಕಟ್ಟೆ ತಗ್ಗಿರುವುದಕ್ಕೆ ಏನೂ ಅನ್ನಲಿಲ್ಲ. ಕೈ ತೊಳೆಯಲು ಹೋದಾಗ ಮಾತ್ರ ಕೇಳಿದರು.

"ಇದ್ಯಾಕಮ್ಮಿ ಸಿಂಕು ಅಷ್ಟೆತ್ತರ? ನಿಂಗೆ ಎಟುಕ್ತದಾ?"

"ಅದು 36 ಇಂಚು ಅಕ್ಕ. ನಿಮ್ಮ ತಮ್ಮನ ಅಳತೆ."

ಆಮೇಲೆ ಕಾಫಿ ಆಗೋವರೆಗೆ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಯಜಮಾನರು ಲೋಟ ತೊಳೆಯುತ್ತಿದ್ದಾಗ ಅಕ್ಕ ಟಿವಿ ಜೋರು ಮಾಡಿಕೊಂಡರು.