ಓಟದ ಪಥದಿಂದ ಸೈಕಲ್ ಸ್ಪರ್ಧೆಯ ಛಾಯಾಚಿತ್ರಕ್ಕೆ: ಎಂಟು ತಿಂಗಳ ದಾಖಲೆ

ಸೈಕಲ್ ಸ್ಪರ್ಧೆಗಳ ಚಿತ್ರ ತೆಗೆಯಲು ತೊಡಗಿ ಈ ವಾರಕ್ಕೆ ಎಂಟು ತಿಂಗಳಾಯಿತು. ಇಷ್ಟು ದಿನಗಳಲ್ಲಿ ಏನು ಕೈಗೆ ಹತ್ತಿತು, ಏನು ಇನ್ನೂ ಹತ್ತಿಲ್ಲ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುವುದು ಒಳ್ಳೆಯದೆನಿಸಿತು. ಕ್ಯಾಮೆರಾ ನನ್ನ ಬದುಕಿಗೆ ಬಹಳ ತಡವಾಗಿ ಬಂದದ್ದು. ಆಟವಾದರೋ ಬುದ್ಧಿ ಬಂದಾಗಿನಿಂದಲೂ ಜೊತೆಗಿದೆ. ಮೊದಲು ಫುಟ್‌ಬಾಲ್, ಆಮೇಲೆ ಹಲವು ವರ್ಷ 800 ಮೀಟರ್ ಓಟ. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮುಂದಿನವನ ಭುಜ ಕಿವಿಯ ಕಡೆಗೆ ಏರತೊಡಗಿದರೆ ಅವನಲ್ಲಿ ಇನ್ನು ಹೆಚ್ಚು ಶಕ್ತಿ ಉಳಿದಿಲ್ಲವೆಂದು ತಿಳಿಯುವುದನ್ನು ಆ ಓಟ ಕಲಿಸಿತು. ಮೊಣಕಾಲು ಕೆಟ್ಟು ಓಟ ನಿಂತ ಮೇಲೆ ವೈದ್ಯರ ಸಲಹೆಯಂತೆ ಸೈಕಲ್ ಹಿಡಿದೆ, ಸೈಕಲ್ ಹಿಡಿದ ಮೇಲೆ ಸ್ಪರ್ಧೆಗಳನ್ನು ನೋಡಲು ಹೋಗತೊಡಗಿದೆ, ಒಂದು ದಿನ ಸ್ನೇಹಿತರ ಕ್ಯಾಮೆರಾ ಎರವಲು ಪಡೆದು ರಸ್ತೆಯ ಬದಿಯಲ್ಲಿ ನಿಂತೆ.

ಮೊದಲ ತಿಂಗಳ ಚಿತ್ರಗಳೆಲ್ಲವೂ ಸ್ಫುಟವಾಗಿದ್ದವು, ಆದರೆ ಒಂದರಲ್ಲಿಯೂ ಜೀವವಿರಲಿಲ್ಲ. ಶಟರ್ ವೇಗವನ್ನು, ಅಂದರೆ ಬೆಳಕು ಒಳಬರಲು ಕ್ಯಾಮೆರಾ ತೆರೆದಿರುವ ಕಾಲವನ್ನು, ಸೆಕೆಂಡಿನ 1/2000ಕ್ಕೆ ಇಟ್ಟಿದ್ದೆ. ಗಂಟೆಗೆ 40 ಕಿಲೋಮೀಟರ್ ವೇಗದ ಸೈಕಲ್ ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಸಾಗುತ್ತದೆ. 1/2000 ಸೆಕೆಂಡಿನಲ್ಲಿ ಅದು ಸರಿಯುವುದು ಆರು ಮಿಲಿಮೀಟರಿಗಿಂತಲೂ ಕಡಿಮೆ. ಹಾಗಾಗಿ ಸ್ಪೋಕ್‌ಗಳನ್ನು ಒಂದೊಂದಾಗಿ ಎಣಿಸಬಹುದಿತ್ತು, ಸವಾರರು ಮಾತ್ರ ನಿಂತ ಸೈಕಲ್ಲಿನ ಮೇಲೆ ಕುಳಿತವರಂತೆ ಕಾಣುತ್ತಿದ್ದರು. ಕಡಿದಾದ ಏರಿನಲ್ಲಿ ಮುಖದ ಬೆವರನ್ನೂ ಹಲ್ಲು ಕಚ್ಚಿದ ದವಡೆಯನ್ನೂ ಹಿಡಿಯಲು ಈ ವೇಗವೇ ಸರಿ, ಏಕೆಂದರೆ ಅಲ್ಲಿ ಕಥೆ ಇರುವುದು ಮುಖದಲ್ಲಿ. ಸಮತಟ್ಟಾದ ರಸ್ತೆಯಲ್ಲಿ ಕಥೆ ಇರುವುದು ವೇಗದಲ್ಲಿ. ಅದನ್ನು ನಿಲ್ಲಿಸಿಬಿಟ್ಟರೆ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ.

ಎರಡನೆಯ ಮತ್ತು ಮೂರನೆಯ ತಿಂಗಳು ಪೂರ್ತಿ ಪ್ಯಾನಿಂಗ್, ಅಂದರೆ ಸಾಗುವ ಸವಾರನೊಂದಿಗೇ ಕ್ಯಾಮೆರಾ ತಿರುಗಿಸುತ್ತಾ ಚಿತ್ರ ತೆಗೆಯುವ ಅಭ್ಯಾಸಕ್ಕೆ ಹೋಯಿತು. ಶಟರ್ ವೇಗವನ್ನು 1/125ರಿಂದ 1/60ಕ್ಕೆ, ಅಲ್ಲಿಂದ 1/40ಕ್ಕೆ ಹಂತಹಂತವಾಗಿ ಇಳಿಸಿದೆ. 1/40ರಲ್ಲಿ ಸೈಕಲ್ ಸುಮಾರು 28 ಸೆಂಟಿಮೀಟರ್ ಸಾಗುತ್ತದೆ, ಕ್ಯಾಮೆರಾ ಅಷ್ಟೇ ಅಳತೆಯಲ್ಲಿ ಅದರೊಂದಿಗೆ ತಿರುಗದಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಪಾದಗಳನ್ನು ಸವಾರ ನನ್ನೆದುರಿಗೆ ಬರುವ ಜಾಗದ ಕಡೆಗೆ ಊರಿ, ಸೊಂಟದಿಂದ ಮೇಲನ್ನು ಮಾತ್ರ ಅವನು ಬರುವ ದಿಕ್ಕಿಗೆ ತಿರುಗಿಸಿ, ಅವನೊಂದಿಗೇ ಬಿಚ್ಚಿಕೊಳ್ಳುತ್ತಾ ಬಂದು, ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಚೆಂಡು ಬ್ಯಾಟ್ ಬಿಟ್ಟ ಮೇಲೂ ತೋಳು ತನ್ನ ಚಲನೆಯನ್ನು ಪೂರ್ಣಗೊಳಿಸುವ ರೀತಿಯೇ ಇದು. ಆಟ ಆಡಿದ ಮೈಗೆ ಈ ಮಾತು ಬೇಗ ಅರ್ಥವಾಯಿತು. ಆದರೂ ನಲವತ್ತಕ್ಕೆ ಒಂದು ಚಿತ್ರ ಉಳಿದರೆ ಅದೇ ಒಳ್ಳೆಯ ದಿನವಾಗಿತ್ತು.

ಪ್ಯಾನಿಂಗ್ ಸರಿಯಾಯಿತೇ ಎಂದು ತಿಳಿಯಲು ನಾನು ಮೊದಲು ಚಕ್ರವನ್ನು ನೋಡುತ್ತೇನೆ. ಉರುಳುವ ಚಕ್ರದಲ್ಲಿ ನೆಲ ಮುಟ್ಟಿದ ಬಿಂದು ಆ ಕ್ಷಣ ನಿಂತೇ ಇರುತ್ತದೆ, ಮೇಲ್ತುದಿಯಾದರೆ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಆದ್ದರಿಂದ ಕ್ಯಾಮೆರಾ ಅಲುಗದೆ ನಿಂತಿದ್ದರೆ ಚಿತ್ರದಲ್ಲಿ ಕೆಳಗಿನ ಸ್ಪೋಕ್‌ಗಳು ಸ್ಪಷ್ಟವಾಗಿಯೂ ಮೇಲಿನವು ಮಸುಕಾಗಿಯೂ ಬರುತ್ತವೆ. ಕ್ಯಾಮೆರಾ ಸವಾರನೊಂದಿಗೆ ಸಮವಾಗಿ ತಿರುಗಿದ್ದರೆ ಚಕ್ರದ ನಡುವಿನ ಅಚ್ಚಿನ ಸುತ್ತಲೂ ಮಸುಕು ಒಂದೇ ತೆರನಾಗಿ ಹರಡಿಕೊಂಡಿರುತ್ತದೆ. ಮೂರನೆಯ ತಿಂಗಳ ಕೊನೆಯಲ್ಲಿ ಒಂದು ಚಿತ್ರದಲ್ಲಿ ಆ ಸಮನಾದ ವೃತ್ತವನ್ನು, ಅದರ ನಡುವೆ ಅಕ್ಷರ ಓದುವಷ್ಟು ಸ್ಫುಟವಾದ ಅಚ್ಚನ್ನು ಕಂಡಾಗ ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತೆ.

ಐದನೆಯ ತಿಂಗಳಲ್ಲಿ ಆದ ತಪ್ಪು ಇನ್ನೂ ನೋಯಿಸುತ್ತದೆ. ಉದ್ದನೆಯ ಏರಿನ ಕೊನೆಯ ತಿರುವಿನಲ್ಲಿ ನಿಂತಿದ್ದೆ. ಗುಂಪು ನನ್ನನ್ನು ಸಮೀಪಿಸುತ್ತಿದ್ದಾಗ, ಆಗಷ್ಟೇ ತೆಗೆದ ಚಿತ್ರದಲ್ಲಿ ಫೋಕಸ್ ಸರಿಯಿದೆಯೇ ಎಂದು ಪರದೆಯ ಕಡೆಗೆ ಕಣ್ಣು ಇಳಿಸಿದೆ. ತಲೆ ಎತ್ತುವಷ್ಟರಲ್ಲಿ ಒಬ್ಬಾಕೆ ಗುಂಪಿನಿಂದ ಸಿಡಿದು ಇಪ್ಪತ್ತು ಮೀಟರ್ ಮುಂದೆ ಹೋಗಿದ್ದಳು. ಆ ದಿನದ ಸ್ಪರ್ಧೆಯನ್ನು ನಿರ್ಣಯಿಸಿದ ಕ್ಷಣ ಅದೇ, ನನ್ನ ಬಳಿ ಇರುವುದು ಅವಳ ಬೆನ್ನು ಮಾತ್ರ. ಅಂದಿನಿಂದ ಸ್ಪರ್ಧೆ ನಡೆಯುತ್ತಿರುವಾಗ ಪರದೆಯಲ್ಲಿ ಚಿತ್ರ ತಾನಾಗಿ ಮೂಡುವುದನ್ನೇ ನಿಲ್ಲಿಸಿಬಿಟ್ಟಿದ್ದೇನೆ.

ತಾಂತ್ರಿಕ ಕಾರಣವನ್ನು ಹೀಗೆ ಸರಿಪಡಿಸಿಕೊಂಡರೂ ನಿಜವಾದ ಕಾರಣ ಬೇರೆಯದೆಂದು ಆಮೇಲೆ ಹೊಳೆಯಿತು: ಓಟದ ಪಥದಲ್ಲಿ ಭುಜ ನೋಡುತ್ತಿದ್ದವನು ಇಲ್ಲಿ ಬಣ್ಣದ ಜೆರ್ಸಿಗಳನ್ನು ನೋಡುತ್ತಿದ್ದೆ. ಮುನ್ನುಗ್ಗಲಿರುವ ಸವಾರರು ಅದನ್ನು ಮೊದಲೇ ತಿಳಿಸುತ್ತಾರೆ. ಮುಂದಿನವರ ಚಕ್ರದಿಂದ ಅರ್ಧ ಸೈಕಲ್ಲಿನಷ್ಟು ಅಂತರ ಬಿಟ್ಟುಕೊಳ್ಳುತ್ತಾರೆ, ಕೈಗಳನ್ನು ಹ್ಯಾಂಡಲ್ಲಿನ ಕೆಳಬಾಗಿಗೆ ಇಳಿಸುತ್ತಾರೆ, ತೋಳಿನ ಕೆಳಗಿನಿಂದ ಒಮ್ಮೆ ಹಿಂದಕ್ಕೆ ನೋಡುತ್ತಾರೆ. ಹತ್ತಿರವಿದ್ದರೆ ಗೇರ್ ಬದಲಾಗುವ ಟಕ್ಕೆಂಬ ಸದ್ದೂ ಕೇಳಿಸುತ್ತದೆ. ಇದನ್ನು ಬಲ್ಲವರ ಬೆರಳು ಒಂದು ಸೆಕೆಂಡ್ ಮೊದಲೇ ಸಿದ್ಧವಾಗಿರುತ್ತದೆ. ನನ್ನ ಮಟ್ಟಿಗೆ, ದುಬಾರಿ ಲೆನ್ಸ್ ಕೊಡಲಾರದ್ದನ್ನು ಆಟವನ್ನು ಓದುವ ಕಣ್ಣು ಕೊಡುತ್ತದೆ.

ಗಾಳಿಯನ್ನು ಓದುವುದೂ ಇದರೊಳಗೇ ಸೇರುತ್ತದೆ. ಇನ್ನೊಬ್ಬರ ಹಿಂದೆ ಅಂಟಿಕೊಂಡು ಸಾಗಿದರೆ ಗಾಳಿಯ ತಡೆ ಬಹಳಷ್ಟು ತಗ್ಗುವುದರಿಂದಲೇ ಸವಾರರು ಅಷ್ಟು ಒತ್ತಾಗಿ ಹೋಗುತ್ತಾರೆ. ಗಾಳಿ ಎಡದಿಂದ ಬೀಸಿದರೆ ಆಸರೆ ಸಿಗುವುದು ಮುಂದಿನವರ ಬಲ ಹಿಂಬದಿಯಲ್ಲಿ, ಆಗ ಸಾಲು ರಸ್ತೆಗೆ ಅಡ್ಡಲಾಗಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಎದುರಿನಿಂದ, ದೂರದಿಂದ, 200 ಮಿಲಿಮೀಟರ್ ಲೆನ್ಸಿನಲ್ಲಿ ಅದನ್ನು ನೋಡಿದರೆ ಕಾಣದ ಗಾಳಿಗೆ ಆಕಾರ ಬಂದಂತಾಗುತ್ತದೆ. ಇದುವರೆಗೆ ಎರಡು ಬಾರಿ ಮಾತ್ರ ಅಂಥ ಸಾಲು ನನಗೆ ಸಿಕ್ಕಿದೆ.

ನಿಲ್ಲುವ ಜಾಗದ ಬಗ್ಗೆ ಒಂದು ಮಾತು. ಇಳಿಜಾರಿನ ತಿರುವಿನ ಹೊರ ಅಂಚಿನಲ್ಲಿ ನಾನು ನಿಲ್ಲುವುದಿಲ್ಲ. ಹಿಡಿತ ತಪ್ಪಿದ ಸೈಕಲ್ ಜಾರಿ ಬರುವುದು ಅಲ್ಲಿಗೇ. ಫ್ಲ್ಯಾಶ್ ಬಳಸುವುದಿಲ್ಲ, ಎಂಥ ಚಿತ್ರ ಕಂಡರೂ ರಸ್ತೆಗೆ ಇಳಿಯುವುದಿಲ್ಲ.

ಗುರಿಗೆರೆಯ ಬಳಿ ಜಾಗ ಹಿಡಿಯುವ ಆಸೆ ಈಚೆಗೆ ಕಡಿಮೆಯಾಗಿದೆ. ಫ್ರಾನ್ಸಿನ ದೊಡ್ಡ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನಲ್ಲಿ 1952ರಲ್ಲಿ ತೆಗೆದ ಒಂದು ಪ್ರಸಿದ್ಧ ಚಿತ್ರದಲ್ಲಿ, ವರ್ಷಗಳ ಕಾಲ ಎದುರಾಳಿಗಳಾಗಿದ್ದ ಇಟಲಿಯ ಸವಾರರಾದ ಫೌಸ್ಟೊ ಕೊಪ್ಪಿ ಮತ್ತು ಜಿನೊ ಬಾರ್ತಲಿ ಏರಿನ ನಡುವೆ ನೀರಿನ ಬಾಟಲಿ ಹಂಚಿಕೊಳ್ಳುತ್ತಿದ್ದಾರೆ. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಆ ವರ್ಷ ಗೆದ್ದವರು ಕೊಪ್ಪಿ, ಆದರೆ ಆ ಸ್ಪರ್ಧೆಯೆಂದರೆ ಬಹಳ ಜನರಿಗೆ ನೆನಪಾಗುವುದು ಆ ಬಾಟಲಿಯೇ. ಅದನ್ನು ನೋಡಿದ ಮೇಲೆ ಆಹಾರದ ಚೀಲಗಳನ್ನು ಹಸ್ತಾಂತರಿಸುವ ಜಾಗದಲ್ಲಿಯೂ ಒಂದೊಂದು ಗಂಟೆ ನಿಲ್ಲತೊಡಗಿದ್ದೇನೆ.

ಎಂಟು ತಿಂಗಳಲ್ಲಿ ಹನ್ನೊಂದು ಸ್ಪರ್ಧೆಗಳಾದವು. ಮುದ್ರಿಸಿ ಇಟ್ಟುಕೊಂಡದ್ದು ಇಪ್ಪತ್ತಮೂರು ಚಿತ್ರ. ಮಳೆಯಲ್ಲಿ ತೆಗೆದದ್ದೊಂದೂ ಅದರಲ್ಲಿಲ್ಲ, ಒದ್ದೆ ರಸ್ತೆಯಿಂದ ಚಕ್ರ ಎಬ್ಬಿಸುವ ನೀರಿನ ತೆರೆ ಫೋಕಸ್ಸನ್ನು ಇನ್ನೂ ತಪ್ಪಿಸುತ್ತಿದೆ. ಮುಂದಿನ ತಿಂಗಳು ಒಳಾಂಗಣ ಟ್ರ್ಯಾಕ್‌ಗೆ ಹೋಗುವವನಿದ್ದೇನೆ. ಅಲ್ಲಿ 250 ಮೀಟರಿನ ಸುತ್ತು, ಗೋಡೆಯಂತೆ ಎದ್ದ ತಿರುವು, ಕಡಿಮೆ ಬೆಳಕು. ಸವಾರರು ಮಾತ್ರ ಕೆಲವೇ ಸೆಕೆಂಡುಗಳಿಗೊಮ್ಮೆ ಮತ್ತೆ ಎದುರಿಗೆ ಬರುತ್ತಾರೆ. 1/40ರ ಅಭ್ಯಾಸಕ್ಕೆ ಇಷ್ಟೊಂದು ಸರದಿಗಳು ರಸ್ತೆಯಲ್ಲಿ ಎಂದೂ ಸಿಕ್ಕಿರಲಿಲ್ಲ.